ದೊರೆ ಕೂತರೆ ಉರಿಯುವ ಕಾರು

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ, ನಡುವೆ ಎದ್ದರೆ ನನಗೆ ಸಿಟ್ಟು ಬರುತ್ತದೆ. ತುಂಬಿದ ಅರಮನೆಯ ಅಂಗಳದಲ್ಲಿ ಒಬ್ಬ ಟ್ರ್ಯಾಕ್ಟರ್ ರಿಪೇರಿಯ ಹುಡುಗ ದೊರೆಯ ಸಿಂಹಲಾಂಛನಕ್ಕೇ ಕೈ ಹಾಕಿದ. ಕೈಯೂ ಉಳಿಯಿತು, ತಲೆಯೂ ಉಳಿಯಿತು. ಸುಳ್ಳು ಅನ್ನಿ ನೋಡೋಣ!

ಕೆಂಗಾವಲು ಸೀಮೆಯಲ್ಲಿ ಒಂದು ಬೆಳಿಗ್ಗೆ ಡಂಗುರ ಸಾರಿದರು.

“ಕೇಳ್ರಪ್ಪೋ ಕೇಳ್ರಿ! ದೊರೆ ಚಂಡವೀರ ನಾಯಕರ ಕಾರಿನ ಎಸಿ ತಂಪು ಬಿಡುತ್ತಿಲ್ಲ. ದೊರೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿ ಎಸಿ ಸರಿಮಾಡಿದವನಿಗೆ ಎರಡು ಹಳ್ಳಿಯ ಜಹಗೀರು. ತಪ್ಪಿದವನಿಗೆ ಡ್ರೈವರ್ ದುರ್ಗಪ್ಪನ ಜೊತೆಗೇ ಸಂಜೆ ಗಲ್ಲು!”

ಹುಲುಗಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು. ದುರ್ಗಪ್ಪ ಅವನ ಒಡಹುಟ್ಟಿದ ಅಣ್ಣ. ಗ್ರೀಸು ಮೆತ್ತಿದ ಕೈಯನ್ನೂ ಒರೆಸಿಕೊಳ್ಳದೆ ಅವನು ಅರಮನೆಗೆ ಓಡಿದ.

ಅಂಗಳದಲ್ಲಿ ಕರೀ ಕಾರು ನಿಂತಿತ್ತು. ಅದರ ಮುಂದಿನ ಜಾಲರಿಗೆ ಮೊರದಷ್ಟು ಅಗಲದ ಹಿತ್ತಾಳೆಯ ಸಿಂಹಮುಖ ಕಟ್ಟಿದ್ದರು, ಅದರ ಮೇಲೆ ಚೆಂಡುಹೂವಿನ ದಪ್ಪ ಹಾರ. ಕಟ್ಟುವ ಆಳಲ್ಲದೆ ಬೇರೆ ಯಾರು ಆ ಸಿಂಹವನ್ನು ಮುಟ್ಟಿದರೂ ಕೈ ಕಡಿಯಬೇಕೆಂಬುದು ಆ ಸೀಮೆಯ ಕಾನೂನು. ದೊರೆ ಚಪ್ಪರದ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದ.

ಮೊದಲು ನಿಂತವನು ಆಸ್ಥಾನದ ಹೊಗಳುಭಟ್ಟ ಚೆನ್ನಕವಿ.

“ಕಾರಿನೊಳಗೆ ಒಬ್ಬನಿದ್ದಾನೆ. ಎಲ್ಲರಿಗೂ ತಂಪು ಹಂಚುತ್ತಾನೆ, ತಾನು ಮಾತ್ರ ಮೈಯೆಲ್ಲ ಸುಟ್ಟುಕೊಂಡು ನಿಲ್ಲುತ್ತಾನೆ. ಯಾರವನು?” ಎಂದ ದೊರೆ.

“ಇನ್ಯಾರು ಪ್ರಭು, ತಾವೇ!”

ದೊರೆ ಮೀಸೆಯಡಿಯಲ್ಲಿ ನಕ್ಕ. ಆದರೂ ತಪ್ಪು ತಪ್ಪೇ. ಕವಿಯನ್ನು ದುರ್ಗಪ್ಪನಿದ್ದ ಸೆರೆಮನೆಗೆ ಎಳೆದುಕೊಂಡು ಹೋದರು.

ಆಮೇಲೆ ಬಂದವನು ಸಿಲಿಂಡರ್ ಹೊತ್ತ ಎಸಿ ಗ್ಯಾಸಿನ ವ್ಯಾಪಾರಿ ಸಂಗಣ್ಣ. “ಮುಂದಿನ ಜಾಲರಿ, ಮಹಾಪ್ರಭು. ಒಳಗಿನ ಬಿಸಿಯನ್ನೆಲ್ಲ ಅದೇ ಹೊರಗೆ ಚೆಲ್ಲುವುದು” ಎಂದು ಮೊದಲನೆಯದನ್ನು ಗೆದ್ದ.

“ಸರಿ. ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ, ಎಷ್ಟು ದುಡಿದರೂ ಸವೆಯುವುದಿಲ್ಲ. ಗೋಡೆ ಬಿರಿದರೆ ಮಾತ್ರ ಹಾರಿಹೋಗುತ್ತದೆ. ಏನದು?”

ಉತ್ತರ ಗ್ಯಾಸು ಅಂತ ಸಂಗಣ್ಣನಿಗೆ ಗೊತ್ತಿಲ್ಲದೆ ಏನು! ಆದರೆ ತಿಂಗಳು ತಿಂಗಳೂ “ಖರ್ಚಾಗಿದೆ” ಎಂದು ಅರಮನೆಯ ಕಾರಿಗೆ ಗ್ಯಾಸು ತುಂಬಿದವನು ಅವನೇ. ಸವೆಯುವುದಿಲ್ಲ ಅಂತ ಯಾವ ಬಾಯಲ್ಲಿ ಹೇಳಿಯಾನು?

“ಬೆ... ಬೆಲ್ಟು, ಪ್ರಭು.”

ಅವನನ್ನೂ ಎಳೆದುಕೊಂಡು ಹೋದರು.

“ಗ್ಯಾಸು!” ಜನರ ನಡುವಿನಿಂದ ಹುಲುಗಪ್ಪ ಕೂಗಿದ. “ಪೈಪು ಸೋರದಿದ್ರ ಅದು ಎಲ್ಲೂ ಹೋಗಂಗಿಲ್ರಿ. ಮೂರನೇದು ಕೇಳ್ರಿ, ಲಗೂನ ಕೇಳ್ರಿ. ನಮ್ಮಣ್ಣನ ಕೊಳ್ಳಿಗೆ ಹಗ್ಗ ಹೊಸೀಲಿಕತ್ತಾರ ಅಲ್ಲಿ!”

“ಯಾರಪ್ಪ ಈ ಗ್ರೀಸಿನ ಕೋಳಿ?” ಮಂತ್ರಿ ಅಂದ. ಸಭೆಯೆಲ್ಲ ನಕ್ಕಿತು.

ದೊರೆ ನಗಲಿಲ್ಲ. “ಮೊದಲೆರಡು ಒಗಟು ಕಾರು ಮಾರಿದವನು ಹೇಳಿಕೊಟ್ಟದ್ದು. ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ನಿನ್ನಣ್ಣ ಒಬ್ಬನೇ ಓಡಿಸಿದರೆ ಕಾರು ಹಿಮ. ನಾನು ಕೂತರೆ ಒಲೆ. ಅದೇ ಕಾರು, ಅದೇ ಬಿಸಿಲು. ಇದು ದ್ರೋಹ ಅಲ್ಲದೆ ಮತ್ತೇನೋ?”

ಹುಲುಗಪ್ಪ ಕಾರಿನ ಸುತ್ತ ಒಂದು ಸುತ್ತು ಬಂದ, ಸಿಂಹದ ಮುಂದೆ ನಿಂತ.

“ಇದನ್ನ ಯಾವಾಗ ಕಟ್ತಾರ್ರಿ?”

“ನಾನು ಕೂತಾಗ. ಡ್ರೈವರನಿಗೆ ಯಾಕೋ ಸಿಂಹ?”

“ನೀವು ಕುಂತಾಗ ಗಾಡಿ ಹೆಂಗ ಹೋಗತೈತಿ?”

“ಕಹಳೆಯವರ ಹಿಂದೆ, ನಡಿಗೆಯಲ್ಲಿ. ದೊರೆಯ ಸವಾರಿ ಕಳ್ಳನ ಹಾಗೆ ಓಡುತ್ತದೇನೋ?”

ಹುಲುಗಪ್ಪನಿಗೆ ಕಿವಿಯವರೆಗೂ ರಕ್ತ ಏರಿತು. ಇಷ್ಟಕ್ಕಾ? ಇಷ್ಟಕ್ಕಾ ತನ್ನ ಅಣ್ಣನಿಗೆ ಹಗ್ಗ? ಸಿಂಹದ ಎರಡೂ ಕಿವಿ ಹಿಡಿದು ಜಗ್ಗಿದ. ಹಾರ ಹರಿದು ಹೂವು ಚೆಲ್ಲಾಡಿತು, ಸಿಂಹ ಕಲ್ಲುಹಾಸಿನ ಮೇಲೆ ಠಣ್ಣನೆ ಬಿತ್ತು. ಕತ್ತಿಗಳು ಒರೆಯಿಂದ ಹೊರಬಂದವು.

“ತಡೀರಿ! ಕೈ ಕಡಿಯೋದು ಓಡಿ ಹೋಗತೈತೇನು? ಮೊದಲು ಉತ್ತರ ನೋಡ್ರಿ!”

ನೀರು ತರುತ್ತಿದ್ದ ಹೆಂಗಸಿನ ಕೊಡ ಇಸಿದುಕೊಂಡು, ಇಂಜಿನ್ನೂ ಎಸಿಯೂ ಚಾಲೂ ಮಾಡಿ, ಮುಂದಿನ ಜಾಲರಿ ಕಾದೊಡನೆ ಅದಕ್ಕೆ ನೀರನ್ನು ರಪ್ಪನೆ ಎರಚಿದ. ಚುಂಯ್ ಎಂದು ಹಬೆ ಎದ್ದಿತು.

“ಈಗ ಒಳಗ ಕುಂದ್ರಿ, ಗಾಜು ಏರಿಸ್ರಿ.”

ದೊರೆ ಕೂತ. ಸ್ವಲ್ಪ ಹೊತ್ತಿಗೆ ಗಾಜಿನ ಆಚೆ ದೊರೆ ಬೆವರಿನ ವಸ್ತ್ರ ಮಡಿಸಿಟ್ಟ. ಆಮೇಲೆ ತೋಳು ಉಜ್ಜಿಕೊಂಡ. ಚಳಿ!

ದೊರೆ ಇಳಿದಾಗ ಹುಲುಗಪ್ಪನ ದನಿ ಇನ್ನೂ ಇಳಿದಿರಲಿಲ್ಲ.

“ಕೇಳ್ರಿ ಉತ್ತರ. ಗ್ಯಾಸು ಕಾರಿನ ಒಳಗಿನ ಬಿಸಿ ಹೊತ್ತು ತಂದು ಈ ಜಾಲರಿಗೆ ಕೊಡತೈತಿ. ಜಾಲರಿ ಅದನ್ನ ಗಾಳಿಗೆ ಕೊಡಬೇಕು. ಅಣ್ಣ ಒಬ್ಬನ ಜೋರು ಓಡಿಸಿದ್ರ ಗಾಳಿ ಬಡೀತೈತಿ, ತಂಪು. ನೀವು ಕುಂತ್ರ ಮುಂದ ಸಿಂಹ, ಸಿಂಹದ ಮ್ಯಾಲ ಹಾರ, ಅದರ ಮುಂದ ಕಹಳೆ. ಗಾಳಿ ಎಲ್ಲಿಂದ ಬರಬೇಕು? ಮೂಗಿಗೆ ಅರಿವಿ ತುರುಕಿ, ಉಸಿರಾಡವಲ್ದು ಅಂತ ಡ್ರೈವರನ್ನ ಗಲ್ಲಿಗೆ ಹಾಕ್ತೀರೇನು? ನಿಮ್ಮ ಕಾರಿನ ಉಸಿರು ಕಟ್ಟಿದ್ದು ನಮ್ಮಣ್ಣ ಅಲ್ರಿ. ನಿಮ್ಮ ದೌಲತ್ತು!”

ದೊರೆಯ ಮುಖ ಕೆಂಪಾಯಿತು, ಕಪ್ಪಾಯಿತು. ಬೈಯಲು ಬಾಯಿ ತೆರೆದ. ಆದರೆ ತೆರೆದ ಬಾಗಿಲಿನಿಂದ ತಣ್ಣನೆಯ ಗಾಳಿ ಬೆನ್ನಿಗೆ ಬಡಿಯುತ್ತಲೇ ಇತ್ತು.

“ಕೈ ಉಳಿಸಿಕೋ, ಜಹಗೀರು ತಗೋ. ಇನ್ನು ಈ ಕಾರು ನೀನೇ ನೋಡಿಕೋ” ಎಂದ ಕೊನೆಗೆ.

“ನಿಮ್ಮ ಜಹಗೀರು ನೀವ ಇಟ್ಕೊಳ್ರಿ. ನಿಮ್ಮ ಕಾರಿನ ನೆರಳಿಗೂ ನಾ ನಿಲ್ಲಂಗಿಲ್ಲ. ಸೆರೆಮನಿ ಬೀಗದ ಕೈ ಕೊಡ್ರಿ.”

ಮಂತ್ರಿ ದೊರೆಯ ಮುಖ ನೋಡಿದ. ದೊರೆ ತಲೆ ಆಡಿಸಿದ.

ಹುಲುಗಪ್ಪನಿಗೆ ಕೊಟ್ಟದ್ದು ಆ ಬೀಗದ ಕೈ. ಅದರಿಂದ ಅವನು ಅಣ್ಣನನ್ನು ಹೊರಗೆ ತಂದ, ಕವಿಯನ್ನೂ ಸಂಗಣ್ಣನನ್ನೂ.