ಎಮ್ಮೆ ನೋಡಲು ಎಷ್ಟು ಕುದುರೆ

"ಅಕ್ಕಾ, ಗಾಳಿ ಮೇಷ್ಟ್ರ ಆಶ್ರಮಕ್ಕೆ ಇದೇ ದಾರಿನಾ?"

ಹೈಮಾವತಿ ಬೆಳಗಿನಿಂದ ಸಿಕ್ಕಸಿಕ್ಕವರನ್ನೆಲ್ಲ ಇದೇ ಕೇಳಿದ್ದಳು. ಒಬ್ಬ ಎಡಕ್ಕೆ ಅಂದ. ಅವನ ಪಕ್ಕದಲ್ಲೇ ನಿಂತಿದ್ದವನು ಬಲಕ್ಕೆ ಅಂದ. ಹತ್ತಾರು ದೇಶದ ನೀರು ಕುಡಿದು ಎಲ್ಲೂ ದಾರಿ ತಪ್ಪದವಳು, ಹೊಳೆಯ ದಂಡೆಯ ಜಾಲಿಮುಳ್ಳಿನ ನಡುವೆ ವ್ಯಾನು ಸಿಕ್ಕಿಸಿಕೊಂಡು ನಿಂತಿದ್ದಳು.

ಎಮ್ಮೆ ಕಾಯುತ್ತಿದ್ದ ಹೆಂಗಸು ದಾರಿ ಹೇಳಲಿಲ್ಲ. ವ್ಯಾನಿನ ಹಿಂದೆ ಕಟ್ಟಿದ್ದ ಟ್ರೈಲರನ್ನು ಒಂದು ಸುತ್ತು ಹಾಕಿದಳು.

"ಏನಿದು?"

"ಜೈರೋಪ್ಲೇನ್ ಅಂತ. ಒಬ್ಬರು ಕೂತು ಹಾರೋ ಗಾಡಿ. ಹಿಂದಿನ ಫ್ಯಾನು ಮುಂದಕ್ಕೆ ತಳ್ಳುತ್ತೆ, ಮೇಲಿನ ರೆಕ್ಕೆ ಗಾಳಿಗೆ ತಾನೇ ತಿರುಗಿ ಎತ್ತಿ ಹಿಡಿಯುತ್ತೆ. ನಾನೇ ಕಟ್ಟಿದ್ದು."

ಹೆಂಗಸು ಹಿಂದಿನ ಎಂಜಿನ್ನನ್ನು ಬೆರಳಗಂಟಿನಿಂದ ತಟ್ಟಿದಳು. ಸಣ್ಣ ಕೊಳವೆಗಳ ಮೇಲೆ ಕೂತಿದ್ದ ಅದು ಕಣಜದಷ್ಟು ದಪ್ಪಗಿತ್ತು.

"ಮೂಗಿಗಿಂತ ಮೂಗುತಿ ಭಾರ ಆತಲ್ಲವ್ವಾ!"

ಹೈಮಾವತಿಗೆ ಉರಿಯಿತು. "ದಾರಿ ಹೇಳ್ತೀಯಾ, ಇಲ್ವಾ?"

"ಹೇಳ್ತೀನಿ. ಪುಕ್ಕಟ ಅಲ್ಲ. ರೊಕ್ಕಾನೂ ಬ್ಯಾಡ. ನಮ್ಮ ಚಂದ್ರಿ ಅಂತ ಎಮ್ಮಿ ಐತಿ. ಹೊಳಿ ಆಪಿನ ಹುಲ್ಲಿನಾಗ ಹೊಕ್ಕಿತಂದ್ರ ಹೊತ್ತು ಮುಳುಗೋಮಟ ಸಿಗಂಗಿಲ್ಲ. ನೀ ಮ್ಯಾಲ ಹಾರಿದಾಗ ಅದು ಎಲ್ಲೈತಿ ನೋಡಿ ಹೇಳಬೇಕು. ಹೂಂ ಅಂತೀಯೇನು?"

"ಹೂಂ."

"ಹಂಗಾರ ಇದು ನಿನ್ನ ತಲಿ ಮ್ಯಾಲಿನ ಸಾಲ. ನನ್ನ ಹೆಸರು ಕರಿಯವ್ವ, ಮರೀಬ್ಯಾಡ. ಅಕಾ ನೋಡು, ಆ ದೊಡ್ಡ ಹುಣಸಿ ಗಿಡ ಕಾಣತೈತಲ್ಲ, ಅದರ ಕೆಳಗs ಮೇಷ್ಟ್ರು."

ಮರ ಅಲ್ಲಿಂದಲೇ ಕಾಣುತ್ತಿತ್ತು. ಹೈಮಾವತಿಗೆ ಇನ್ನಷ್ಟು ಉರಿಯಿತು.

*

ಗಾಳಿ ಮೇಷ್ಟ್ರ ನಿಜವಾದ ಹೆಸರು ವೃಷಭೇಂದ್ರಯ್ಯ. ವಾಯುಪಡೆಯಲ್ಲಿ ಹುಡುಗರಿಗೆ ಎಂಜಿನ್ ಪಾಠ ಹೇಳಿ ತಲೆ ಹಣ್ಣಾದವರು. ಆಶ್ರಮ ಅಂದರೆ ಒಂದು ತಗಡಿನ ಶೆಡ್ಡು, ಒಂದು ಚಾಪೆ, ಒಂದು ಮಡಕೆ ನೀರು. ಮುಂದೆ ಹೊಳೆಯ ಬಯಲು. ಮನೆಯಲ್ಲೇ ವಿಮಾನ ಕಟ್ಟಿಕೊಂಡವರು ದೂರದೂರದಿಂದ ಅಲ್ಲಿಗೆ ಬರುತ್ತಿದ್ದರು.

ಹೈಮಾವತಿ ಕಾಲು ಮುಟ್ಟಿ ನಮಸ್ಕರಿಸಿದಳು. "ಮೇಷ್ಟ್ರೇ, ಈ ಎಂಜಿನ್ ಸರಿಯಿದೆಯಾ ಅಂತ ಒಂದು ಮಾತು ಹೇಳಿ. ಹಾರಿಬಿಡ್ತೀನಿ."

"ಯಾಕೆ ಹಾರಬೇಕು ತಾಯಿ?"

ಅಷ್ಟು ಸಾಕಾಯಿತು. ತಿಂಗಳುಗಟ್ಟಲೆ ಕಟ್ಟೆ ಹಾಕಿ ನಿಲ್ಲಿಸಿದ್ದೆಲ್ಲ ಒಡೆದುಕೊಂಡು ಬಂತು.

"ವಿಮಾನದ ಎಂಜಿನ್ ಮಾರೋ ಅಂಗಡಿಗೆ ಹೋಗಿದ್ದೆ. ಒಂದು ಮನೆ ಕಟ್ಟಬಹುದು, ಅಷ್ಟು ಬೆಲೆ. ಕಡಿಮೆಯಲ್ಲಿ ಬೇರೆ ಯಾವುದಾದರೂ ಹೊಂದುತ್ತಾ ಅಂತ ಕೇಳಿದೆ. ಆ ಮನುಷ್ಯ ಕುರ್ಚಿಯಿಂದ ಏಳಲೂ ಇಲ್ಲ. ಮೇಡಂ, ದುಡ್ಡಿಲ್ಲದವರಿಗೆ ದೇವರು ನೆಲ ಕೊಟ್ಟಿದ್ದಾನೆ, ನಡೀರಿ ಅಂದ. ನಿಮ್ಮ ಯಜಮಾನರನ್ನು ಕಳಿಸಿ, ಅವರಿಗಾದರೆ ಅರ್ಥವಾಗುತ್ತೆ ಅಂದ. ಅರ್ಥವಾಗುತ್ತಂತೆ! ಮರಳುಗಾಡಿನಲ್ಲಿ ಲಾರಿಯ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವಳು ನಾನು. ಆಕಾಶವನ್ನೇನು ಅವನಪ್ಪ ಅವನ ಹೆಸರಿಗೆ ಬರೆದಿಟ್ಟು ಹೋಗಿದ್ದಾನಾ? ಸೀದಾ ಗುಜರಿಗೆ ಹೋದೆ. ದೊಡ್ಡ ಜೀಪಿನ ಎಂಜಿನ್ ತಂದೆ. ಅವನ ಅಂಗಡಿಯಲ್ಲಿ ಇದರಷ್ಟು ಶಕ್ತಿಯದು ಒಂದೂ ಇಲ್ಲ!"

ಮೇಷ್ಟ್ರು ಮಡಕೆಯಿಂದ ಒಂದು ಲೋಟ ನೀರು ಕೊಟ್ಟರು. ಅವಳು ಕುಡಿದಳು.

"ಯಾಕೆ ಹಾರಬೇಕು ಅಂತ ಕೇಳಿದೆ. ಯಾರಿಗೆ ತೋರಿಸಬೇಕು ಅಂತ ನೀನು ಹೇಳಿದೆ," ಅಂದರು ಮೇಷ್ಟ್ರು. "ಇರಲಿ. ಗಾಡಿ ತೂಗು ಹಾಕೋಣ."

ಅಲ್ಲಿಯ ಪದ್ಧತಿಯೇ ಅದು. ಬಂದ ಗಾಡಿಯನ್ನು ಮೊದಲು ಹುಣಸೆಯ ಎತ್ತರದ ಕೊಂಬೆಗೆ ಉದ್ದ ಹಗ್ಗದಲ್ಲಿ ತೂಗು ಹಾಕಬೇಕು, ರೆಕ್ಕೆ ಕೂರುವ ಜಾಗಕ್ಕೇ ಕೊಂಡಿ ಸಿಕ್ಕಿಸಿ. ಕಟ್ಟಿದವರು ಅದರಲ್ಲಿ ಕೂರಬೇಕು, ತೊಟ್ಟಿಲಲ್ಲಿ ಮಗು ಕೂತ ಹಾಗೆ. ಹೈಮಾವತಿ ಕೂತಳು. ಗಾಡಿ ನೆಲ ಬಿಟ್ಟು ಮೆಲ್ಲಗೆ ತೂಗಿತು.

ಮೇಷ್ಟ್ರು ಹಿಂದೆ ಬಂದು, ಸೀಟಿನ ಮಟ್ಟದಲ್ಲಿ ಅಂಗೈ ಇಟ್ಟು ಥಟ್ಟನೆ ತಳ್ಳಿದರು. ಗಾಡಿ ನೆಟ್ಟಗೆ ಮುಂದೆ ಹೋಗಿ ನೆಟ್ಟಗೆ ವಾಪಸು ಬಂತು.

ಆಮೇಲೆ, ಫ್ಯಾನು ಕೂತಿದ್ದ ಎತ್ತರದಲ್ಲಿ ಅಂಗೈ ಇಟ್ಟು ಅಷ್ಟೇ ಜೋರಾಗಿ ತಳ್ಳಿದರು.

ಗಾಡಿಯ ಮೂತಿ ಧಡಕ್ಕನೆ ನೆಲಕ್ಕೆ ಬಗ್ಗಿತು. ಹೈಮಾವತಿ ಕೈಗೆ ಸಿಕ್ಕಿದ ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಮಸ್ಕಾರ ಹಾಕ್ತಿದೆ," ಅಂದರು ಮೇಷ್ಟ್ರು. "ಮೇಲೆಯೂ ಹಾಕುತ್ತೆ. ಅಲ್ಲಿ ಹಾಕಿದರೆ ಮತ್ತೆ ಏಳೋದಿಲ್ಲ. ಎಂಜಿನ್ ಇಷ್ಟು ಮೇಲೆ ಯಾಕಿಟ್ಟೆ?"

"ಎಂಜಿನ್ ದೊಡ್ಡದು. ಅದಕ್ಕೆ ದೊಡ್ಡ ಫ್ಯಾನು ಬೇಕು. ದೊಡ್ಡ ಫ್ಯಾನು ಕೆಳಗಿನ ಕೊಳವೆಗೆ ತಗುಲದ ಹಾಗೆ..."

"ಅಷ್ಟು ದೊಡ್ಡದನ್ನು ಆರಿಸಿದ್ದು ಯಾರು?"

"ಇನ್ಯಾರು, ನಾನೇ."

"ಗುಜರಿಯಲ್ಲಿ ಇದರ ಮೇಲೆ ಕೈ ಇಟ್ಟಾಗ ಕಿವಿಯಲ್ಲಿ ಯಾರ ಮಾತಿತ್ತು?"

ಹೈಮಾವತಿ ತಿರುಗಿ ಎಂಜಿನ್ ಕಡೆ ನೋಡಿದಳು.

"ಒಂದೇ ಸೀಟಿನ ಗಾಡಿ ತಾಯಿ. ಇಬ್ಬರು ಕೂತಿದ್ದೀರಿ."

"ಬದಲಾಯಿಸು ಅಂತೀರಾ? ಒಂದು ವರ್ಷದ ದುಡಿಮೆ ಇದು! ನೀವೂ ಹೆಂಗಸು ಅಂತಲೇ..."

"ಹೆಂಗಸು ಅಂತ ಅಲ್ಲ. ಭಾರ ಅಂತ."

ಅವಳು ತೂಗುತ್ತಿದ್ದ ಗಾಡಿಯಿಂದ ಧುಮುಕಿದಳು. ಚಪ್ಪಲಿ ಮೆಟ್ಟಿದಳು. ಇಂಥ ಒಗಟಿನ ಗುರುಗಳನ್ನು ಹಿಮಾಲಯದಿಂದ ಕೊಲಂಬೊವರೆಗೆ ಬೇಕಾದಷ್ಟು ನೋಡಿದ್ದೇನೆ ಅಂತ ಗಟ್ಟಿಯಾಗೇ ಅಂದು, ಹೊಳೆಯ ಕಡೆ ನಡೆದಳು. ಗಾಡಿಯನ್ನು ಕೊಂಬೆಯಲ್ಲೇ ಬಿಟ್ಟು ಬಂದಿದ್ದೇನೆ ಅಂತ ಹೊಳೆದದ್ದು ಅರ್ಧ ದಾರಿ ಬಂದ ಮೇಲೆ. ಈಗ ಹಿಂದೆ ಹೋಗುವುದಾದರೂ ಹೇಗೆ?

*

ದಂಡೆಯಲ್ಲಿ ಕರಿಯವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗುತ್ತಿದ್ದಳು. "ಚಂದ್ರೀ! ಬಾರs ನಮ್ಮವ್ವಾ!"

ಆಳೆತ್ತರದ ಆಪು ಹುಲ್ಲು ಕಣ್ಣು ಹರಿದಷ್ಟು ದೂರ ಗಾಳಿಗೆ ಅಲ್ಲಾಡುತ್ತಿತ್ತು. ಎಮ್ಮೆಯ ಸುಳಿವಿಲ್ಲ.

"ಬರುತ್ತೆ ಬಿಡು ಸಂಜೆಗೆ," ಅಂದಳು ಹೈಮಾವತಿ, ಸಿಟ್ಟಿನಲ್ಲೇ.

"ಗಬ್ಬ ಐತವ್ವಾ ಅದು. ಹೋದ ಸಲ ಆಪಿನಾಗs ಈದು ಬಿಡ್ತು. ನಾ ಹುಡುಕೋದ್ರಾಗ ನಾಯಿ ಹಿಂಡು ಕರಾ ಹರಿದು ತಿಂದಿದ್ವು. ಚಂದ್ರಿ ಎಷ್ಟೋ ದಿನ ಹಾಲು ಇಳಿಸಲಿಲ್ಲ. ನನ್ನ ನೋಡಿದ್ರ ಮಾರಿ ತಿರುವತಿತ್ತು." ಕರಿಯವ್ವ ಮೂಗು ಒರೆಸಿಕೊಂಡಳು. "ನೀ ಹಾರೋದು ಯಾವಾಗ?"

ಹೈಮಾವತಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಆಪಿನ ಅಲಗು ಕೈಯನ್ನೆಲ್ಲ ಗೀರಿತು. ಹೊತ್ತು ಇಳಿಯುವ ಹೊತ್ತಿಗೆ ಚಂದ್ರಿ ಒಂದು ಮಡುವಿನಲ್ಲಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತ ಸಿಕ್ಕಿತು, ಹಣೆಯ ಮೇಲೆ ಬಿಳಿ ಚಂದ್ರ ಇಟ್ಟುಕೊಂಡು. ಇವರಿಬ್ಬರ ಪಾಡಿಗೂ ತನಗೂ ಸಂಬಂಧವಿಲ್ಲ ಅನ್ನುವಂತಿತ್ತು ಅದರ ಮುಖ.

ಹೈಮಾವತಿ ಒದ್ದೆ ಸೀರೆಯಲ್ಲೇ ಹುಣಸೆಯ ಕೆಳಗೆ ಬಂದು ನಿಂತಳು. ಮೇಷ್ಟ್ರು ಚಾಪೆಯ ಮೇಲೆ ಮಂಡಕ್ಕಿ ತಿನ್ನುತ್ತಿದ್ದರು. ಗಾಡಿ ಇನ್ನೂ ತೂಗುತ್ತಿತ್ತು.

"ಮೇಷ್ಟ್ರೇ, ಒಂದು ಎಮ್ಮೆ ನೋಡಬೇಕು. ಮೇಲಿಂದ."

ಮೇಷ್ಟ್ರು ಮಂಡಕ್ಕಿಯ ಮೊರವನ್ನು ಅವಳ ಕಡೆ ಸರಿಸಿದರು. "ಒಂದು ಎಮ್ಮೆ ನೋಡಲು ಎಷ್ಟು ಕುದುರೆಯ ಎಂಜಿನ್ ಬೇಕು?"

ಆಗ ಅವಳಿಗೆ ನೆನಪಾಯಿತು. ಆಸ್ಟ್ರೇಲಿಯಾದ ಒಂದು ಕೆಂಪು ಬಯಲು. ಹರಕು ಟೋಪಿಯ ಒಬ್ಬ ಮುದುಕಿ ಕುರ್ಚಿಯಂಥ ಗಾಡಿಯಲ್ಲಿ ತಲೆಯ ಮೇಲೇ ಹಾರುತ್ತ, ದನಗಳನ್ನು ಅಟ್ಟುತ್ತ, ಅವುಗಳನ್ನು ಬಾಯಿತುಂಬ ಬೈಯುತ್ತ ಹೋಗಿದ್ದಳು. ಅವಳನ್ನು ನೋಡಿಯೇ ಹಾರುವ ಹುಚ್ಚು ಹಿಡಿದದ್ದು. ಅಂಗಡಿಯ ಆ ಮನುಷ್ಯ ಬಂದು ಕೂತ ಮೇಲೆ ಮುದುಕಿಗೆ ಜಾಗವೇ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಜೀಪಿನ ಎಂಜಿನ್ನನ್ನು ಅವಳೇ ಇಳಿಸಿದಳು.

*

ಹಳೆಯ ಸಣ್ಣ ಕಾರಿನ ಎಂಜಿನ್ ಬಂತು. ಹಗುರ. ಸಣ್ಣ ಫ್ಯಾನಿಗೆ ಸಾಕು, ಸೀಟಿನ ಮಟ್ಟಕ್ಕೇ ಕೂರುತ್ತದೆ. ತೂಗು ಹಾಕಿ ತಳ್ಳಿದಾಗ ಗಾಡಿ ತಲೆ ಬಗ್ಗಿಸಲಿಲ್ಲ.

"ಹಾರಲಾ?" ಅಂದಳು.

"ಕಟ್ಟು," ಅಂದರು ಮೇಷ್ಟ್ರು.

ಗಾಡಿಯನ್ನು ಹುಣಸೆಯ ಬುಡಕ್ಕೆ ಸರಪಳಿಯಲ್ಲಿ ಬಿಗಿದು, ಎಂಜಿನ್ನನ್ನು ಪೂರ್ತಿ ಜೋರಿನಲ್ಲಿ ಓಡಿಸಬೇಕು. ಹಾಲು ಕರೆಯುವ ಹೊತ್ತಿಗೆ ಶುರು ಮಾಡಿದರೆ ದನ ಮನೆಗೆ ಬರುವವರೆಗೆ.

"ಕಾರಿನಲ್ಲಿ ಇದು ಜನ್ಮದಲ್ಲೇ ಹೀಗೆ ದುಡಿದಿಲ್ಲ," ಮೇಷ್ಟ್ರು ವಿವರಿಸಿದರು. "ಸಂತೆಗೆ ಹೋಗಿ ಬರೋ ಎತ್ತು. ಆಕಾಶದಲ್ಲಿ ಗಾಣದ ಎತ್ತು ಆಗಬೇಕು. ತಡೆಯುತ್ತಾ ನೋಡು."

ತಡೆಯಲಿಲ್ಲ. ಊಟದ ಹೊತ್ತಿಗೆ ಒಳಗೇನೋ ಚಟ್ ಅಂತು, ಬಿಳಿ ಹೊಗೆ ಬಂತು, ನಿಂತುಹೋಯಿತು.

ಹೈಮಾವತಿ ಗುಜರಿಯವನ ವಂಶವನ್ನೆಲ್ಲ ಕರೆದು ಬೈದಳು. "ಮಕ್ಕಳ ಮೇಲೆ ಆಣೆ ಇಟ್ಟು ಕೊಟ್ಟಿದ್ದ, ಮೇಷ್ಟ್ರೇ! ದುಡ್ಡಿದ್ದವನಿಗೆ ಹೊಸದು, ಇಲ್ಲದವನಿಗೆ ಸುಳ್ಳಾಣೆ. ಇದ್ಯಾವ ನ್ಯಾಯ?"

"ಎಂಜಿನ್ ಮಾತ್ರ ಬಹಳ ಸಜ್ಜನ," ಅಂದರು ಮೇಷ್ಟ್ರು. "ನೆಲದ ಮೇಲೇ ಸತ್ತಿತು."

ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ಮತ್ತೆ ಸಿಟ್ಟು ಬಂತು.

"ಈ ಸಿಟ್ಟು ಬಿಡಬೇಕಲ್ಲವಾ ಮೇಷ್ಟ್ರೇ?"

"ಸಿಟ್ಟು ಪೆಟ್ರೋಲ್ ಇದ್ದ ಹಾಗೆ. ಟ್ಯಾಂಕಿನಲ್ಲಿರಬೇಕು. ಸೀಟಿನ ಮೇಲೆ ಸುರಿದುಕೊಂಡು ಕೂರಬಾರದು."

ಇನ್ನೊಂದು ಎಂಜಿನ್ ತಂದಳು. ಈ ಸಲ ಆಣೆ ಕೇಳಲಿಲ್ಲ. ಗುಜರಿಯವನ ಅಂಗಳದಲ್ಲೇ ಮುಚ್ಚಳ ಬಿಚ್ಚಿಸಿ, ಒಳಗೆ ನೋಡಿ ತಂದಳು. ಅದನ್ನು ಮರಕ್ಕೆ ಕಟ್ಟಿ, ಪಕ್ಕದಲ್ಲೇ ಕೂತು, ಸದ್ದು ಕೇಳಿದಳು. ದನ ಮನೆಗೆ ಬಂದವು. ಎಂಜಿನ್ ಓಡುತ್ತಲೇ ಇತ್ತು.

ಆಮೇಲೆ ಹಾರುವ ಪಾಠ. ಮೊದಲು ಬಯಲಿನ ಮೇಲೆ ಗೇಣುದ್ದ, ಆಮೇಲೆ ಮಾರುದ್ದ, ಆಮೇಲೆ ಮರದೆತ್ತರ. ಆಮೇಲೆ ಮೇಷ್ಟ್ರು ಅಂದರು: "ಇನ್ನು ಎತ್ತರಕ್ಕೆ ಹೋಗಿ ಎಂಜಿನ್ ಆರಿಸಿ ನಿಲ್ಲಿಸು."

"ಆರಿಸೋದಾ? ಇಷ್ಟು ಕಷ್ಟಪಟ್ಟು ತಂದಿದ್ದು ಆರಿಸೋಕಾ?"

"ಅದು ತಾನಾಗಿ ಆರುವ ಮೊದಲು ನೀನು ಆರಿಸಿ ನೋಡು. ನಿನ್ನನ್ನು ಹಿಡಿದಿರೋದು ರೆಕ್ಕೆ, ಎಂಜಿನ್ ಅಲ್ಲ. ಮುಂದಕ್ಕೆ ನುಗ್ಗುತ್ತಿದ್ದರೆ ಗಾಳಿಯೇ ತಿರುಗಿಸುತ್ತೆ. ಬೀಳೋದಿಲ್ಲ, ಇಳೀತೀಯ."

ಆರಿಸಿದಳು. ಬೀಳಲಿಲ್ಲ, ಇಳಿದಳು.

*

ಒಂದು ಮುಂಜಾನೆ ಕರಿಯವ್ವ ಓಡುತ್ತ ಬಂದಳು. ತಲೆಯ ಸೆರಗು ಹೆಗಲಿಗೆ ಜಾರಿತ್ತು.

"ಚಂದ್ರಿ ಹಗ್ಗ ಹರಕೊಂಡು ಹೋಗೇತಿ! ಇವತ್ತs ಈಯತೈತಿ. ನಾಯಿ ಬೊಗಳೋದು ಕೇಳಾಕತ್ತೇತಿ ಅವ್ವಾ, ಎದ್ದೇಳು. ನಿನ್ನ ಸಾಲ!"

ಹೈಮಾವತಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಆಕಾಶ ನೋಡಿದರು. "ಗಾಳಿ ಚೆನ್ನಾಗಿದೆ," ಅಂದರು.

ಸಣ್ಣ ಎಂಜಿನ್ ಗೊಣಗುತ್ತ ಮೇಲೆ ಎತ್ತಿತು. ಕೆಳಗೆ ಆಪಿನ ಹಸಿರು ಹಚ್ಚಡದಂತೆ ಹಾಸಿಕೊಂಡಿತ್ತು. ನೆಲದಿಂದ ಒಂದೇ ಗೋಡೆಯಂತೆ ಕಂಡದ್ದರಲ್ಲಿ ಈಗ ಓಣಿಗಳು, ಮಡುಗಳು, ಎಮ್ಮೆ ತುಳಿದ ದಾರಿಗಳು ಕಂಡವು. ಮುರಿದ ದೋಣಿಯೊಂದರ ಹಿಂದೆ, ಒಣ ದಿಬ್ಬದ ಮೇಲೆ, ಕಪ್ಪು ಬೆನ್ನು. ಅದರ ಕಾಲ ಬಳಿ ಒದ್ದೆಯಾದ ಪುಟ್ಟ ಕಪ್ಪು ಗಂಟು. ಆಪಿನ ಇನ್ನೊಂದು ತುದಿಯಲ್ಲಿ ನಾಯಿಗಳು ಮೂಸುತ್ತ ಬರುತ್ತಿದ್ದವು.

ಹೈಮಾವತಿ ಕೂಗಿದಳು. ದಂಡೆಯಲ್ಲಿ ಕೋಲು ಹಿಡಿದು ನಿಂತಿದ್ದ ಕರಿಯವ್ವ ಕಿವಿಗೆ ಕೈ ಇಟ್ಟು ತಲೆಯಾಡಿಸಿದಳು. ಎಂಜಿನ್ ಸದ್ದಿನಲ್ಲಿ ಒಂದಕ್ಷರವೂ ಕೇಳುತ್ತಿರಲಿಲ್ಲ.

ಹೈಮಾವತಿ ಎಂಜಿನ್ ಆರಿಸಿದಳು.

ಲೋಕವೇ ಸುಮ್ಮನಾಯಿತು. ತಲೆಯ ಮೇಲೆ ರೆಕ್ಕೆ ಮಾತ್ರ ಮೊರದಲ್ಲಿ ಕಾಳು ಕೇರಿದಂತೆ ಸದ್ದು ಮಾಡುತ್ತಿತ್ತು.

"ಕರಿಯವ್ವಕ್ಕಾ! ಮುರುಕು ದೋಣಿ ಹಿಂದೆ! ದಿಬ್ಬದ ಮೇಲೆ! ಕರು ಹಾಕಿದೆ, ನಾಯಿ ಬರ್ತಿವೆ, ಓಡು!"

"ಕೇಳಿಸ್ತು!" ಕರಿಯವ್ವ ಓಡುತ್ತಲೇ ಕೂಗಿದಳು. "ನಿನ್ನ ಸಾಲ ತೀರಿತು! ನೀ ಮದ್ಲು ಎಂಜಿನ್ ಹಚ್ಚವ್ವಾ, ಬಿದ್ದು ಗಿದ್ದೀಯ!"

ಅವಳು ಬೀಳಲಿಲ್ಲ. ದಂಡೆಯ ಬಯಲಿನಲ್ಲಿ ಹಕ್ಕಿ ಕೂತಂತೆ ಇಳಿದಳು. ಆಪಿನ ಒಳಗಿನಿಂದ ಕೋಲಿನ ಏಟು, ನಾಯಿಗಳ ಕುಂಯ್‌ಗುಟ್ಟುವಿಕೆ, ಕರಿಯವ್ವನ ಬೈಗುಳ ಕೇಳಿದವು. ಆಮೇಲೆ ಎಳೆಯ ಕರುವಿನ ಕೂಗು ಕೇಳಿತು.

ಮೇಷ್ಟ್ರು ಮೊಪೆಡ್ಡಿನಲ್ಲಿ ಬಂದು ಪಕ್ಕದಲ್ಲಿ ನಿಂತರು.

ಹೈಮಾವತಿ ಸೀಟಿನಲ್ಲೇ ಕೂತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಮೇಷ್ಟ್ರೇ, ಆ ಅಂಗಡಿಯವನ ಮೇಲೆ ನನಗೀಗ ಸಿಟ್ಟೇ ಇಲ್ಲ."

ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಅವರು ಸಿಟ್ಟಾದದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಯಾಕಿಲ್ಲ? ಅವನು ಇವತ್ತೂ ಕುರ್ಚಿಯಿಂದ ಏಳದೆ ಇನ್ಯಾರಿಗೋ ಅದೇ ಮಾತು ಹೇಳ್ತಿರ್ತಾನೆ. ಸೀಟಿನ ಮೇಲೆ ಸುರಿಯಬೇಡ ಅಂದೆ. ಟ್ಯಾಂಕಿನದನ್ನೂ ಚೆಲ್ಲಿಬಿಡು ಅಂದೆನಾ?"