ಜರಿ ರುಮಾಲಿನ ತಂಡೇಲ

ಸಮುದ್ರಕ್ಕೆ ಒತ್ತಿಕೊಂಡು ಒಂದು ರಾಜ್ಯ. ಅಲ್ಲಿ ಜಟ್ಟಪ್ಪ ಅಂತ ಒಬ್ಬ ತಂಡೇಲನಿದ್ದ. ತಂಡೇಲ ಅಂದರೆ ಹಡಗು ನಡೆಸುವ ಯಜಮಾನ. ರಾಜ ಕೊಟ್ಟ ಜರಿ ರುಮಾಲು ಅವನ ತಲೆ ಮೇಲೆ. ಉಣ್ಣುವಾಗಲೂ ಅದು ಇಳಿಯದು, ಮಲಗುವಾಗಲೂ ಇಳಿಯದು.

ವರ್ಷದಲ್ಲಿ ಎಂಟು ತಿಂಗಳು ಅವನು ನೀರಿನ ಮೇಲೆ. ಮಳೆಗಾಲ ಬಂದರೆ ಹಡಗು ದಡಕ್ಕೆ, ಜಟ್ಟಪ್ಪ ಮನೆಗೆ. ಆ ಸಲ ಬಂದಾಗ ಪುಟ್ಟ ಮಗಳು ಹೊನ್ನಿಗೆ ಅಪ್ಪನ ಗುರುತೇ ಸಿಗಲಿಲ್ಲ. ಅಮ್ಮನ ಸೆರಗಿನ ಹಿಂದೆ ಅಡಗಿದಳು. ಮಗಳ ಬಾಯಲ್ಲಿ 'ಅಪ್ಪಾ' ಅಂತ ಕೇಳಬೇಕೆಂದು ಜಟ್ಟಪ್ಪನ ಜೀವ ಒದ್ದಾಡುತ್ತಿತ್ತು. ಪಾಪ, ಅವನಿಗೆ ಗೊತ್ತಿದ್ದದ್ದು ಅಪ್ಪಣೆ ಮಾಡುವುದೊಂದೇ.

ಮೊದಲ ದಿನ, "ಒಲೆ ಕಿಟಕಿ ಹತ್ರ ಇರ್ಲಿ" ಅಂದ. ಇಟ್ಟರು. ಮಳೆಯ ಎರಚಲಿಗೆ ಬೆಂಕಿ ಆರಿ, ಎಲ್ಲರೂ ಒಣ ಅವಲಕ್ಕಿ ತಿಂದರು.

ಎರಡನೇ ದಿನ, "ಆಡು ಕಟ್ಟಬೇಡ" ಅಂದ. ಬಿಚ್ಚಿದರು. ಆಡು ಬಸಳೆ ಚಪ್ಪರವನ್ನೇ ಮೇಯ್ದು ಬಂತು.

ಮೂರನೇ ದಿನ ಕೋಳಿ ಕೂಗುವ ಮೊದಲೇ, ಹಡಗಿನಲ್ಲಿ ಆಳುಗಳನ್ನು ಎಬ್ಬಿಸುವ ಹಾಗೆ ಶಂಖ ಊದಿದ. ಹೊನ್ನಿ ಬೆಚ್ಚಿಬಿದ್ದು, ಅಳುತ್ತಾ ಪಕ್ಕದ ಅಜ್ಜಿ ಮನೆಗೆ ಓಡಿದಳು.

ಹೆಂಡತಿ ಮಾದೇವಿ ಜಗಳ ತೆಗೆಯಲಿಲ್ಲ. ಗಂಜಿ ಬಡಿಸುತ್ತಾ ಕೇಳಿದಳು, "ಹೌದಾ ಮಾರಾಯ್ರೇ, ನಿಮ್ಮ ಹಡಗಿಗೆ ಹೊಸಬ ಹತ್ತಿದ್ರೆ ಬಂದ ದಿನವೇ ಚುಕ್ಕಾಣಿ ಕೊಡ್ತೀರಾ?"

ಜಟ್ಟಪ್ಪ ಮೀಸೆ ತಿರುವಿದ. "ಚುಕ್ಕಾಣಿಯಾ? ಮೊದಲು ನೀರು ಹೊರಬೇಕು, ಹಳಬರು ಹೇಳಿದ್ದು ಕೇಳಬೇಕು. ಎದುರು ಮಾತಾಡಿದ್ರೆ ಮುಂದಿನ ಬಂದರಲ್ಲೇ ಇಳಿಸ್ತೇನೆ. ರಾಜನ ಮಗ ಬಂದ್ರೂ ಇದೇ ಕಾನೂನು."

"ಒಳ್ಳೆ ಕಾನೂನು" ಅಂದಳು ಮಾದೇವಿ. "ಎಂಟು ತಿಂಗಳಿಂದ ಈ ಮನೆಗೆ ತಂಡೇಲ ನಾನು. ಮೊನ್ನೆ ಹತ್ತಿದ ಹೊಸಬರು ನೀವು. ಕೊಡ ಅಲ್ಲಿದೆ."

ಜಟ್ಟಪ್ಪನ ಮೀಸೆ ಇಳಿಯಿತು. ತಾನೇ ಮಾಡಿದ ಕಾನೂನು, ಮುರಿಯುವುದು ಹೇಗೆ? ಜರಿ ನೆನೆದೀತೆಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಕೊಡ ಹಿಡಿದು ಬಾವಿಗೆ ಹೋದ. ಸಮುದ್ರ ದಾಟಿದವನಿಗೆ ಒಂದು ಕೊಡ ನೀರು ಸೇದಲು ಬರಲಿಲ್ಲ. ಅರ್ಧ ನೀರು ಬಾವಿಗೆ, ಅರ್ಧ ಅವನ ಮೈಗೆ.

ಬೇಲಿಯಾಚೆಯಿಂದ ಕಿಲಕಿಲ ನಗು ಕೇಳಿತು. ಹೊನ್ನಿ ಹತ್ತಿರ ಬಂದು ಅವನ ಬೋಳು ತಲೆ ನೋಡಿದಳು, ಒದ್ದೆ ಮೀಸೆ ನೋಡಿದಳು. "ಹಗ್ಗ ಹಾಗೆ ಹಿಡಿಯೋದಲ್ಲ ಅಪ್ಪಾ" ಅಂದಳು.

ಕೇಳಿದಿರಾ ಮಕ್ಕಳೇ? ದೂರ ಹೋಗಿ ಬಂದವರು ಮೊದಲು ಮನೆಯನ್ನು ಕಲಿಯಬೇಕು, ಆಳುವ ಮಾತು ಆಮೇಲೆ. ಮರುವರ್ಷ ಜಟ್ಟಪ್ಪ ಹೊಸ್ತಿಲಲ್ಲೇ ರುಮಾಲು ಬಿಚ್ಚಿ, "ಕೊಡ ಎಲ್ಲಿ?" ಅಂತ ಕೇಳಿಕೊಂಡೇ ಒಳಗೆ ಬಂದನಂತೆ.