ಒಂದೇ ತಾಸಿನ ಹಗಲು

ಬಡಗಣ ತುದಿಯ ಹಿಮದ ನಾಡಿಗೆ ವರ್ಷದ ಅತಿ ಚಿಕ್ಕ ಹಗಲು ಬಂದಿತ್ತು. ಗಟ್ಟಿ ಎದೆಯವರಷ್ಟೇ ನಿಲ್ಲುವಂಥ ಚಳಿ. ಸೂರ್ಯ ಇರುವುದು ಒಂದೇ ತಾಸು. ಅಷ್ಟರಲ್ಲಿ ಗುಡ್ಡದ ನೆತ್ತಿಯಿಂದ ಯಾರು ಹೆಚ್ಚು ಸಲ ಜಾರುತ್ತಾರೋ ಆ ವರ್ಷದ ಗೌಡಿಕೆ ಅವರದು. ಅಲ್ಲಿನ ಪದ್ಧತಿಯೇ ಹಾಗೆ. ಹಳೇ ಗೌಡನಾದ ಹಿಮಸಾರಂಗ ಕೊಂಬು ಕುಣಿಸುತ್ತ ಬಂತು. ಅದಕ್ಕೆ ಎದುರಾಳಿ ಒಂದು ಬಿಳಿ ಮೊಲ.

ಸೂರ್ಯ ಇಣುಕಿದ.

"ಥೂ, ಇದೂ ಒಂದು ಹಗಲಾ?" ಎಂದಿತು ಸಾರಂಗ. "ಬೇಸಿಗೆಯಲ್ಲಿ ಸೂರ್ಯ ಮುಳುಗುತ್ತಲೇ ಇರಲಿಲ್ಲ. ಒಂದೇ ದಿನ ಮೂರು ಹೊಳೆ ಈಜಿದವನು ನಾನು! ಅಂಗೈಯಗಲದ ಈ ಬಿಸಿಲಲ್ಲಿ ಏನು ಮಾಡೋದು?"

"ಜಾರೋದು, ಗೌಡರೇ!" ಎಂದು ಮೊಲ ಜರ್ರನೆ ಕೆಳಗಿಳಿಯಿತು.

ಅದು ಮೇಲೆ ಹತ್ತಿ ಬಂದಾಗ ಸಾರಂಗ ಮಾತಿನಲ್ಲೇ ಮೊದಲನೇ ಹೊಳೆ ಈಜುತ್ತಿತ್ತು.

"ಹೊತ್ತು ಹೋಗ್ತಿದೆ, ಬನ್ನಿ."

"ತಡಿಯೋ ಗಿಡ್ಡ! ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ."

ಮೊಲ ಮತ್ತೆ ಜಾರಿತು. ಬಿತ್ತು, ಉರುಳಿತು, ಕಿವಿ ತುಂಬ ಹಿಮ ತುಂಬಿಕೊಂಡು ನಗುತ್ತ ಮೇಲೆ ಹತ್ತಿತು. ಹೀಗೆ ಏಳು ಸಲ.

ಸಾರಂಗ ಮೂರನೇ ಹೊಳೆಯ ದಡ ಸೇರಿ, ಮಾತು ಮುಗಿಸಿ, ಜಾರಲು ಕಾಲು ಮುಂದಿಟ್ಟಿತು. ಅಷ್ಟರಲ್ಲಿ ಸೂರ್ಯ ಮುಳುಗಿದ.

"ಅರೆ! ಹಗಲು ಎಲ್ಲಿ ಹೋಯಿತು?"

"ನನ್ನ ಕುಂಡಿ ಕೆಳಗೆ ಸವೆದುಹೋಯ್ತು, ಗೌಡರೇ" ಎಂದಿತು ಮೊಲ. "ಗೌಡಿಕೆ ಇತ್ತ ಕೊಡಿ. ಮುಖ ಯಾಕೆ ಸಣ್ಣ ಮಾಡ್ತೀರಿ? ನನ್ನ ಗೌಡಿಕೆಯಲ್ಲಿ ಕತ್ತಲಲ್ಲೂ ಜಾರಬಹುದು!"

ಹಾಗೆಂದು ಹಳೇ ಗೌಡನನ್ನು ಹಿಂದಿನಿಂದ ಒಮ್ಮೆ ತಳ್ಳಿತು.